ದೊಡ್ಡಪ್ಪನ ಸ್ಪೀಕರ್ ಡಬ್ಬಕ್ಕೆ ಬ್ಲೂಟೂತ್

ಹಳೇ ಸ್ಪೀಕರ್ ಡಬ್ಬ ಕೈಗೆ ಸಿಕ್ಕಿದ್ ತಕ್ಷಣ ಒಳಗಿರೋದನ್ನೆಲ್ಲ ಕಿತ್ತು ಗುಜರಿಗೆ ಹಾಕಿ, ಮುಂದೆ ತೂತು ಕೊರೆದು ನೀಲಿ ಲೈಟ್ ಬರೋ ಪ್ಲೇಯರ್ ಕೂರಿಸೋರು ತುಂಬ ಜನ. ನಂಗೆ ಅದು ಸರಿಬರಲ್ಲ. ಬಸವನಗುಡಿ ಮನೆ ಖಾಲಿ ಮಾಡುವಾಗ ದೊಡ್ಡಮ್ಮ "ತಗೊಂಡ್ ಹೋಗ್ತೀಯೇನೋ, ಇಲ್ಲಾಂದ್ರೆ ಹಳೇ ಪೇಪರ್‌ನೋನಿಗೆ ಕೊಟ್ಬಿಡ್ತೀನಿ" ಅಂದಿದ್ದಕ್ಕೆ ದೊಡ್ಡಪ್ಪನ ಡಬ್ಬ ಹೊತ್ಕೊಂಡ್ ಬಂದೆ. ಸುತ್ತ ವೆನೀರ್ ಅನ್ನೋ ತೇಗದ ತೆಳು ಪದರ, ಮುಂದೆ ಕಂದು ಬಟ್ಟೆ, ಒಳಗೆ ಅದುರಿ ಸದ್ದು ಮಾಡೋ 8 ಇಂಚಿನ ಪೇಪರ್ ಕೋನು, ಮೇಲೆ ಕೀಚಲು ಸ್ವರಗಳಿಗೆ ಅಂತ ಒಂದು ಸಣ್ಣ ಟ್ವೀಟರ್.

ಮೊದ್ಲು ಜೀವ ಇದ್ಯಾ ನೋಡ್ಬೇಕಲ್ಲ. 8 ಓಮ್ಸ್ ಸ್ಪೀಕರ್‌ಗೆ ಮಲ್ಟಿಮೀಟರ್ ಇಟ್ರೆ ಆರು ಆರೂವರೆ ತೋರ್ಸುತ್ತೆ, ಗಾಬರಿ ಬೇಡ, ಅದು ಹಾಗೇ ಇರ್ಬೇಕು. ಗೋಡೆ ಗಡಿಯಾರದ್ ಸೆಲ್ ಒಂದ್ ಕ್ಷಣ ಮುಟ್ಟಿಸಿದೆ, ಟಪ್ ಅಂತ ಕೋನು ಮುಂದಕ್ಕೆ ಬಂತು. ಕೋನಿನ ಅಂಚಲ್ಲಿ ಫೋಮ್ ಇದ್ದಿದ್ರೆ ಇಷ್ಟೊತ್ತಿಗೆ ಪುಡಿಪುಡಿ ಆಗಿರ್ತಿತ್ತು, ಇದರದ್ದು ಬಟ್ಟೆ ಅಂಚು, ಬಚಾವ್. ಟ್ವೀಟರ್‌ಗೆ ದಪ್ಪ ಸದ್ದು ಹೋಗದಂಗೆ ತಡೆಯೋ ಕೆಪಾಸಿಟರ್ ಮಾತ್ರ ಒಣಗಿತ್ತು, ಬದಲಾಯಿಸ್ದೆ.

ಆಮೇಲೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್. ಟಿಪಿಎ 3116 ಚಿಪ್ ಇರೋ ಆಂಪ್ (ಸದ್ದು ದೊಡ್ಡದು ಮಾಡೋ ಆಂಪ್ಲಿಫೈಯರ್) ಬೋರ್ಡು, 24 ವೋಲ್ಟ್ ಅಡಾಪ್ಟರ್, ಒಂದು ಬ್ಲೂಟೂತ್ ಮಾಡ್ಯೂಲ್. ಡಬ್ಬ ಒಂದೇ ಆದ್ರಿಂದ ಹಾಡಿನ ಲೆಫ್ಟು ರೈಟು ಎರಡೂ ಚಾನೆಲ್ ಸೇರಿಸ್ಲೇಬೇಕು, ಇಲ್ಲಾಂದ್ರೆ ಅರ್ಧ ವಾದ್ಯ ಕೇಳ್ಸೋದೇ ಇಲ್ಲ. ಸೇರಿಸೋದು ಆಂಪ್‌ಗೆ ಹೋಗೋ ಮುಂಚೆ, ಲೆಫ್ಟು ರೈಟು ಎರಡಕ್ಕೂ ಒಂದೊಂದು 1 ಕಿಲೋ ಓಮ್ ರೆಸಿಸ್ಟರ್ ಹಾಕಿ. ಆಂಪ್‌ನಿಂದ ಆಚೆ ಬಂದ ವೈರ್‌ಗಳನ್ನ ಸೇರಿಸಿದ್ರೋ, ಬೋರ್ಡು ಢಮಾರ್.

ನಿಜವಾದ ತಲೆನೋವು ಶುರುವಾಗಿದ್ದು ಇಲ್ಲಿಂದ. ಹಾಡು ನಿಂತಾಗ ಕಿರ್ರ್ ಅಂತ ಒಂದು ಸಣ್ಣ ಸದ್ದು, ಸೊಳ್ಳೆ ಕಿವಿ ಹತ್ರ ಬಂದಂಗೆ, ಫೋನ್ ಕನೆಕ್ಟ್ ಆಗುವಾಗ ಇನ್ನೂ ಜಾಸ್ತಿ. ಅಂಗಡಿಯವ್ರನ್ನ ಕೇಳಿದ್ರೆ "ಬಾಸ್, ಬೇರೆ ಮಾಡ್ಯೂಲ್ ತಗೊಳಿ" ಅಂದ್ರು. ಮಾಡ್ಯೂಲ್‌ದು ತಪ್ಪೇ ಅಲ್ಲ ಅದು. ಮಾಡ್ಯೂಲು ಆಂಪು ಎರಡೂ ಒಂದೇ ಅಡಾಪ್ಟರ್‌ನಿಂದ ಕರೆಂಟ್ ಕುಡಿತಿವೆ, ಮಾಡ್ಯೂಲ್‌ನ ಡಿಜಿಟಲ್ ಗಲಾಟೆ ಎಲ್ಲಾ ಗ್ರೌಂಡ್ ವೈರ್, ಅಂದ್ರೆ ಎರಡರ ಕರೆಂಟೂ ವಾಪಸ್ ಹೋಗೋ ವೈರ್, ಹಿಡ್ಕೊಂಡು ಆಡಿಯೋ ಒಳಗೆ ಬರ್ತಿದೆ. ಮಾಡ್ಯೂಲ್‌ನ ಪವರ್ ಬ್ಯಾಂಕ್‌ಗೆ ಹಾಕಿ ನೋಡಿದ್ರೆ ಗೊತ್ತಾಗ್ಬಿಡುತ್ತೆ, ಸದ್ದು ಮಾಯ. ಮಧ್ಯದಲ್ಲಿ ಬಿ0505ಎಸ್ ಅನ್ನೋ ಹುಣಸೆಬೀಜದಷ್ಟು ಕಪ್ಪು ಐಸೊಲೇಟೆಡ್ ಕನ್ವರ್ಟರ್ ಸೋಲ್ಡರ್ ಮಾಡ್ದೆ, ಒಳಗೆ 5 ವೋಲ್ಟ್ ಹೋಗಿ ಆಚೆನೂ 5 ವೋಲ್ಟೇ ಬರುತ್ತೆ, ಆದ್ರೆ ಎರಡು ಕಡೆ ಗ್ರೌಂಡ್ ಬೇರೆ ಬೇರೆ. ಈಗ ಕೋನಿಗೆ ಕಿವಿ ಇಟ್ರೂ ಏನೂ ಇಲ್ಲ.

ಫೋನ್ ಕೂರಿಸೋಕೆ ಚಾರ್ಜಿಂಗ್ ಪಿನ್ ಇರೋ ಡಾಕ್ ಬೇಕು ಅಂತ ನನ್ನ ತಂಗಿ ಹಠ. ಐಪಾಡ್ ಕಾಲದ 30 ಪಿನ್ ಡಾಕ್‌ಗಳ ಗತಿ ನೋಡಿ, 2012ರಲ್ಲಿ ಲೈಟ್ನಿಂಗ್ ಅನ್ನೋ ಹೊಸ ಪಿನ್ ಬಂತು, 2023ರಲ್ಲಿ ಐಫೋನೂ ಟೈಪ್ ಸಿ ಆಯ್ತು, ಪಿನ್ ನಂಬ್ಕೊಂಡು ಮರ ಕೊರೆಯೋದು ದಂಡ. ಅದಕ್ಕೇ ಒಂದು ತೇಗದ ತುಂಡಲ್ಲಿ ಫೋನ್ ನಿಲ್ಲೋಕೆ ಕಚ್ಚು ಮಾಡಿಸಿ, ವೈರ್ ತೂರೋ ತೂತು ಬಿಡಿಸಿ, ಡಬ್ಬದ ಮೇಲೆ ಸುಮ್ನೆ ಇಟ್ಟಿದೀನಿ. ಅಂಟು ಇಲ್ಲ, ಮೊಳೆ ಇಲ್ಲ.

ವಾಲ್ಯೂಮ್ ತಿರುಗಿಸೋದು ಹಿಂದ್ಗಡೆ ಹಲಗೆಯಲ್ಲಿದೆ, ಕೈ ಹಾಕಿ ತಡಕಾಡ್ಬೇಕು. ಕಾರ್ಪೆಂಟರ್ "ಸಾರ್, ಮುಂದೆ ಒಂದೇ ಒಂದು ತೂತು, ಐದ್ ನಿಮಿಷ" ಅಂತ ಡ್ರಿಲ್ ಎತ್ಕೊಂಡೇ ನಿಂತಿದ್ರು, ಕಾಫಿ ಕೊಟ್ಟು ಕಳಿಸ್ದೆ.