ರಟ್ಟಿನ ಬೆನ್ನಿನ ಗಿಟಾರ್

ಬಾರ್ಸಿಲೋನಾದಲ್ಲಿ ಕಚೇರಿಯ ಕೆಲಸ ಒಂದು ದಿನ ಮೊದಲೇ ಮುಗಿಯಿತು. ಜೊತೆಗಿದ್ದವರೆಲ್ಲ ಸಗ್ರಾದ ಫಮೀಲಿಯಾ ಚರ್ಚ್ ನೋಡಲು ಹೊರಟರು, ನಾನು ಸಂಗೀತ ವಾದ್ಯಗಳ ಮ್ಯೂಸಿಯಂ ಹುಡುಕಿಕೊಂಡು ಹೋದೆ. ಹೋದದ್ದು ಭಕ್ತಿಯಿಂದಲ್ಲ, ಜಂಬದಿಂದ.

ಜಂಬಕ್ಕೆ ಕಾರಣ ಬೀಟೆ ಮರ. ನಮ್ಮದು ಕೊಪ್ಪದ ಹತ್ತಿರದ ಊರು. ಅಜ್ಜನ ಮನೆಯಲ್ಲಿ ನಾಲ್ಕು ಜನ ಸೇರಿದರೂ ಅಲುಗದ ಬೀಟೆಯ ಮಂಚವೊಂದಿದೆ. ಗಿಟಾರ್ ಕಲಿಯತೊಡಗಿದ ಮೇಲೆ ಅದೇ ಮರ ಪರದೇಶದಲ್ಲಿ ಎಷ್ಟು ದೊಡ್ಡ ಮನುಷ್ಯ ಎಂಬುದು ತಿಳಿಯಿತು. ಗಿಟಾರಿನ ಬೆನ್ನು, ಪಕ್ಕೆಗಳಿಗೆ ಬಳಸುತ್ತಿದ್ದ ಬ್ರೆಜಿಲಿನ ರೋಸ್‌ವುಡ್ ಸಿಗುವುದು ಕಷ್ಟವಾಗುತ್ತ ಬಂದಾಗ, 1960ರ ದಶಕದಲ್ಲಿ ಮ್ಯಾಡ್ರಿಡ್‌ನ ರಾಮಿರೆಸ್ ಗಿಟಾರ್ ಕಾರ್ಯಾಗಾರದವರು ಭಾರತದ ರೋಸ್‌ವುಡ್‌ಗೆ, ಅಂದರೆ ನಮ್ಮ ಬೀಟೆಗೆ, ಹೊರಳಿದರು. 1992ರಲ್ಲಿ ಬ್ರೆಜಿಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ನಿಷೇಧ ಬಿತ್ತು. ಇಷ್ಟು ಓದಿಕೊಂಡ ನಾನು, ಗಿಟಾರಿನ ನಾದವೆಲ್ಲ ಇರುವುದು ಮಲೆನಾಡಿನ ಮರದಲ್ಲಿ ಎಂದು ಸಿಕ್ಕವರಿಗೆಲ್ಲ ಸಾರುತ್ತಿದ್ದೆ. ನನ್ನ ಸ್ವಂತ ಗಿಟಾರಿನ ಬೆನ್ನು ಪ್ಲೈವುಡ್ಡಿಗೆ ಅಂಟಿಸಿದ ಬೀಟೆಯ ಸಿಪ್ಪೆ ಎಂಬುದನ್ನು ಮೇಷ್ಟ್ರು ಪತ್ತೆ ಹಚ್ಚಿದ್ದರು. ಆ ಮಾತನ್ನು ಮಾತ್ರ ಎಲ್ಲೂ ಎತ್ತುತ್ತಿರಲಿಲ್ಲ.

ಗಾಜಿನ ಪೆಟ್ಟಿಗೆಯೊಂದರ ಮುಂದೆ ನಿಂತೆ. ಆಂಟೋನಿಯೋ ದೆ ತೋರೆಸ್, ಸೆವಿಲ್ಯಾ, 1862. ತೋರೆಸ್ ಮೂಲತಃ ಬಡಗಿ. ಇವತ್ತು ನಾವು ಕ್ಲಾಸಿಕಲ್ ಗಿಟಾರ್ ಎಂದು ಕರೆಯುವ ವಾದ್ಯದ ದೊಡ್ಡ ಒಡಲು, 65 ಸೆಂಟಿಮೀಟರಿನ ತಂತಿಯಳತೆ, ಎಲ್ಲವೂ ನೆಲೆ ನಿಂತದ್ದು ಅವನ ಕೈಯಲ್ಲಿ. ಎದುರಿನಿಂದ ಅದು ಹಳೆಯದೊಂದು ಗಿಟಾರ್, ಅಷ್ಟೇ. ಮೇಲ್ಹಲಗೆಯ ಸ್ಪ್ರೂಸ್ ಮರದ ಎಳೆಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ನೇರವಾಗಿದ್ದವು. ಪಕ್ಕೆ ಯಾವ ಮರದ್ದೆಂದು ನೋಡಲು ಬಗ್ಗಿದೆ. ಮರವೇ ಅಲ್ಲ. ವಿವರಣೆಯ ಚೀಟಿಯನ್ನು ಎರಡು ಸಲ ಓದಿದೆ. ಪಕ್ಕೆಯೂ ಬೆನ್ನೂ ಕಾಗದದ ರಟ್ಟು!

ನನಗೆ ಥಟ್ಟನೆ ನೆನಪಾದದ್ದು ಅಜ್ಜಿಯ ಬುಟ್ಟಿ. ಹಳೆಯ ಪತ್ರಿಕೆಗಳನ್ನು ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ, ಒಣಗಿಸಿ ಮಾಡಿದ್ದು. ಅದರಲ್ಲಿ ಒಣಮೆಣಸಿನಕಾಯಿ ಇಡುತ್ತಿದ್ದರು. ಸಂಗೀತ ಯಾರೂ ಇಟ್ಟಿರಲಿಲ್ಲ.

ತೋರೆಸ್ ಇದನ್ನು ಮಾಡಿದ್ದು ತನ್ನ ವಾದವೊಂದನ್ನು ತೋರಿಸಿಕೊಡಲು: ಗಿಟಾರಿನಲ್ಲಿ ಹಾಡುವುದು ಮೇಲ್ಹಲಗೆ; ಬೆನ್ನು, ಪಕ್ಕೆಗಳ ಪಾಲು ಅಲ್ಪ. ಆ ಹಲಗೆಯ ಪಾಡು ನೋಡಿ. ದಪ್ಪ ಎರಡು ಮಿಲಿಮೀಟರಿನ ಆಸುಪಾಸು. ಇಂದಿನ ಗಿಟಾರಿನಲ್ಲಿ ಆರು ತಂತಿಗಳು ಸೇರಿ ಅದನ್ನು ಸುಮಾರು 40 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ. ಮುರಿಯಬಾರದು, ಆದರೆ ಬೆರಳು ಸೋಕಿದರೆ ಕಂಪಿಸಬೇಕು. ಅದಕ್ಕಾಗಿ ಒಳಮೈಗೆ ಬೀಸಣಿಗೆಯ ಕಡ್ಡಿಗಳ ಹಾಗೆ ಏಳು ತೆಳ್ಳನೆಯ ಪಟ್ಟಿಗಳನ್ನು ಅಂಟಿಸುವುದು ಅವನ ರೂಢಿ. ನಿಮ್ಮ ಗುಟ್ಟೇನು ಎಂದು ಕೇಳಿದಾಗ ಹೆಬ್ಬೆರಳು, ತೋರುಬೆರಳುಗಳ ತುದಿಯನ್ನು ಉಜ್ಜಿ ತೋರಿಸಿದನೆಂದು ಅವನನ್ನು ಬಲ್ಲ ಪಾದ್ರಿಯೊಬ್ಬರು ಬರೆದಿಟ್ಟಿದ್ದಾರೆ. ಹಲಗೆ ಸಾಕಷ್ಟು ತೆಳುವಾಯಿತೇ ಎಂದು ಹೇಳುವುದು ಆ ಬೆರಳುಗಳೇ. ಇಷ್ಟೆಲ್ಲ ಬಲ್ಲವನು 1870ರ ಹೊತ್ತಿಗೆ ತನ್ನೂರು ಅಲ್ಮೇರಿಯಾಕ್ಕೆ ಮರಳಿ ಪಿಂಗಾಣಿ ಪಾತ್ರೆಗಳ ಅಂಗಡಿ ಇಟ್ಟ ಎಂಬುದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬಿಡುವಿನಲ್ಲಿ ಗಿಟಾರ್ ಮಾಡುತ್ತಿದ್ದನಂತೆ!

ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ಕಳೆದಿರಬೇಕು. ಕಾವಲಿನ ಹೆಂಗಸು ಎರಡು ಬಾರಿ ಬಂದು ನೋಡಿ ಹೋದರು. ಒಂದು ಸಮಾಧಾನ ಮಾತ್ರ ಉಳಿದಿತ್ತು. ತೋರೆಸ್ ಗಿರಾಕಿಗಳಿಗೆ ರಟ್ಟಿನ ಗಿಟಾರ್ ಮಾರಲು ಹೊರಡಲಿಲ್ಲ. ರೋಸ್‌ವುಡ್, ಮೇಪಲ್, ಸೈಪ್ರೆಸ್‌ಗಳಲ್ಲೇ ಮಾಡಿಕೊಟ್ಟ. ಬೀಟೆಯ ಮಾನ ಅಷ್ಟರಮಟ್ಟಿಗೆ ಉಳಿಯಿತು ಎಂದುಕೊಂಡು ಹೊರಗೆ ಬಂದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಊರಿನಲ್ಲಿ ಜುಲೈ ತಿಂಗಳ ಮಳೆ; ಹೆಂಚಿನ ಮೇಲೆ ಸುರಿಯುವ ಸದ್ದು ಇಲ್ಲಿಯವರೆಗೂ ಕೇಳುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಲ್ಲ, ರಟ್ಟು ಎನ್ನುತ್ತೀಯ," ಎಂದರು. "ಅವನ ಊರಿನಲ್ಲಿ ಮಳೆಗಾಲವೇ ಇಲ್ಲವೇ?"