ಕೊಪ್ಪ ಒಂದೇ, ಸಾಲು ಎರಡು

ಮೈಸೂರಿನಲ್ಲಿ ನಾವು ನಾಲ್ಕಾರು ಜನ ಸೇರಿ ಒಂದು ಪುಟ್ಟ ಪ್ರೋಗ್ರಾಂ ಇಟ್ಟುಕೊಂಡಿದ್ದೇವೆ. ಸರ್ವೆಯಲ್ಲಿ ಬಂದ ಉತ್ತರಗಳನ್ನು ಅದಕ್ಕೆ ಕೊಟ್ಟರೆ ಊರುವಾರು, ತಾಲ್ಲೂಕುವಾರು ಟೇಬಲ್ ಮಾಡಿ, ಸರಾಸರಿ, ಶೇಕಡಾ ಎಲ್ಲ ತೆಗೆದು ಕೊಡುತ್ತದೆ. ಸಿ ಭಾಷೆಯ ಹಳೆಯ ಕೋಡು. ಅದನ್ನು ಬರೆದವರ ಕಾಲಕ್ಕೆ ಊರಿನ ಹೆಸರೆಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರುತ್ತಿದ್ದವು. ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಸರ್ವೆ ಶುರುವಾದಾಗ, ಮಾಹಿತಿ ತುಂಬುವವರು ಇನ್ನು ಕನ್ನಡದಲ್ಲೇ ಟೈಪ್ ಮಾಡುತ್ತೇವೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ನ್ಯಾಯವಾದ ಮಾತೇ. ಇಂಗ್ಲಿಷಿನಲ್ಲಿ ಬರೆದರೆ ಕೊತ್ತತ್ತಿಗೆ ಎಷ್ಟು ಟಿ, ಎಷ್ಟು ಹೆಚ್ ಎಂದು ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಕನ್ನಡದಲ್ಲಾದರೆ ಆ ತಾಪತ್ರಯ ಇರುವುದಿಲ್ಲ ಎಂದುಕೊಂಡರು ಎಲ್ಲರೂ. ಪ್ರೋಗ್ರಾಂಗೆ ಕನ್ನಡ ಓದಿಸುವ ಕೆಲಸ ನನ್ನ ಪಾಲಿಗೆ ಬಂತು.

ಯೂನಿಕೋಡ್ ಅಂದರೆ ಲೋಕದ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿ. ಅದರಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ 128 ಸ್ಥಾನಗಳ ಜಾಗ ಇದೆ. ಆದರೆ ಅದರ ಎಣಿಕೆಯೇ ಬೇರೆ, ನಮ್ಮದೇ ಬೇರೆ. ಮಂಡ್ಯ ಅಂದರೆ ನಮ್ಮ ಕಣ್ಣಿಗೆ ಎರಡಕ್ಷರ, ಅಲ್ವಾ? ಕಂಪ್ಯೂಟರಿಗೆ ಅದು ಮ, ಸೊನ್ನೆ, ಡ, ಒತ್ತು ಕೂಡಿಸುವ ಹಲಂತ, ಯ. ಒಟ್ಟು ಐದು. ಆ ಸಂಖ್ಯೆಗಳನ್ನು ಬೈಟ್ ಎಂಬ ಸಣ್ಣ ಸಣ್ಣ ಖಾನೆಗಳಲ್ಲಿ ಬರೆದಿಡುವ ಒಂದು ಕ್ರಮ ಯುಟಿಎಫ್-8. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಹಾಗಾಗಿ ಮಂಡ್ಯಕ್ಕೆ 15 ಬೈಟ್. ನಮ್ಮ ಪ್ರೋಗ್ರಾಂ ಹೆಸರಿಗೆ ಇಟ್ಟಿದ್ದ ಜಾಗ 32 ಬೈಟ್. ಶ್ರೀರಂಗಪಟ್ಟಣಕ್ಕೆ ಬೇಕಾದದ್ದು 36. ಪಾಪ, ಅದು ಶ್ರೀರಂಗಪಟ್ ಎನ್ನುವಷ್ಟರಲ್ಲಿ ನಿಂತು, ಮುಂದಿನ ಟ ಅಕ್ಷರ ಮಧ್ಯಕ್ಕೆ ತುಂಡಾಗಿ, ಹೊಟ್ಟೆಯೊಳಗೆ ಪ್ರಶ್ನೆ ಚಿಹ್ನೆ ಇಟ್ಟುಕೊಂಡ ಕಪ್ಪು ಡೈಮಂಡ್ ಆಗಿ ಬಂತು. ಕೃಷ್ಣರಾಜಪೇಟೆಗೂ ಅದೇ ಗತಿ. ಜಾಗ ಜಾಸ್ತಿ ಮಾಡಿದೆ. ಕತ್ತರಿಸಲೇಬೇಕಾದ ಕಡೆ ಬೈಟ್ ನೋಡಿ ಕತ್ತರಿಸದೆ, ಪೂರ್ತಿ ಅಕ್ಷರ ನೋಡಿ ಕತ್ತರಿಸುವ ಹಾಗೆ ಮಾಡಿದೆ. ಟೇಬಲ್ಲಿನ ಕಂಬಸಾಲುಗಳು ಸೊಟ್ಟಗಾಗುತ್ತಿದ್ದವು. ಬೈಟ್ ಎಣಿಸಿ ಖಾಲಿ ಜಾಗ ತುಂಬಿದರೆ ಇನ್ನೇನಾಗುತ್ತದೆ? ಕನ್ನಡದ ಅಕ್ಷರಗಳು ಒಂದೇ ಅಗಲ ಇರುವುದೂ ಇಲ್ಲ. ಕೊನೆಗೆ ಖಾಲಿ ಜಾಗ ತುಂಬುವ ಸಹವಾಸವನ್ನೇ ಬಿಟ್ಟು ವೆಬ್ ಪುಟಗಳಲ್ಲಿ ಬಳಸುವ ಎಚ್‌ಟಿಎಂಎಲ್ ಟೇಬಲ್ ಹಾಕಿದೆ.

ದೊಡ್ಡ ದೊಡ್ಡ ಸಾಫ್ಟ್‌ವೇರ್‌ಗಳಿಗೂ ಇದು ಸಲೀಸಾಗಿ ಆದ ಕೆಲಸವಲ್ಲ. ಅಂಕಿಅಂಶ ಲೆಕ್ಕಹಾಕುವ ಸ್ಟಾಟಾ ಎಂಬ ಸಾಫ್ಟ್‌ವೇರಿಗೆ ಯೂನಿಕೋಡ್ ಬಂದದ್ದು 2015ರಲ್ಲಿ, ಅದರ 14ನೇ ಆವೃತ್ತಿಗೆ. ಅದೇ ಕೆಲಸದ ಆರ್ ಎಂಬ ಇನ್ನೊಂದು ಸಾಫ್ಟ್‌ವೇರ್ 2005ರಲ್ಲೇ ಯುಟಿಎಫ್-8 ಒಪ್ಪಿಕೊಂಡಿತ್ತು. ಆದರೆ ವಿಂಡೋಸಿನಲ್ಲಿ ಅದು ಯುಟಿಎಫ್-8 ಅನ್ನೇ ತನ್ನ ಮೂಲ ಸಂಕೇತವಾಗಿ ಬಳಸಲು 2022ರ 4.2 ಆವೃತ್ತಿಯವರೆಗೆ ಕಾಯಬೇಕಾಯಿತು. ಅದಕ್ಕೆ ಮುಂಚೆ ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡದ ಟೇಬಲ್ ಪ್ರಿಂಟ್ ಮಾಡಿದವರಿಗೆ ಗೊತ್ತು, ಊರಿನ ಹೆಸರಿನ ಜಾಗದಲ್ಲಿ ಯು ಪ್ಲಸ್ ಎಂದು ಶುರುವಾಗುವ ಸಂಕೇತಗಳ ಮೆರವಣಿಗೆ.

ಅಕ್ಷರ ಸರಿಯಾಗಿ ಕಾಣುತ್ತಿದೆ, ಟೇಬಲ್ ನೆಟ್ಟಗಿದೆ ಎಂದ ಮೇಲೆ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬೆಳಗಿನ ರೈಲಿಗೆ ಮಂಡ್ಯಕ್ಕೆ ಹೋದೆ. ಸರ್ವೆ ಹುಡುಗರು, ಮಾಹಿತಿ ತುಂಬುವ ಹೆಣ್ಣುಮಕ್ಕಳು ಎಲ್ಲ ಅಲ್ಲಿ ಸೇರಿದ್ದರು. ಏಳು ತಾಲ್ಲೂಕಿನ ಫೈಲುಗಳನ್ನು ಒಟ್ಟು ಮಾಡಿ ಗುಂಡಿ ಒತ್ತಿದೆ. ಹೆಸರುಗಳು ಚೆಂದಾಗಿ ಬಂದವು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅಷ್ಟರಲ್ಲಿ ಹಿಂದೆ ನಿಂತಿದ್ದ ಮದ್ದೂರು ತಾಲ್ಲೂಕಿನ ಹೆಣ್ಣುಮಗಳು ಪರದೆಗೆ ಬೆರಳಿಟ್ಟರು.

"ಏನ್ ಸಾ ಇದು, ನಮ್ಮ ಕೊಪ್ಪವ ಎರಡ್ ಮಾಡ್ಬುಟ್ಟಿದ್ದೀರಲ್ಲ?"

ನೋಡಿದರೆ ಹೌದು. ಕೊಪ್ಪ ಎರಡು ಸಾಲಿನಲ್ಲಿತ್ತು. ಎರಡಕ್ಕೂ ಬೇರೆ ಬೇರೆ ಸಂಖ್ಯೆ, ಬೇರೆ ಬೇರೆ ಸರಾಸರಿ. ಎಷ್ಟು ದೊಡ್ಡದು ಮಾಡಿ ನೋಡಿದರೂ ಎರಡು ಹೆಸರಿನ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. "ಊರೊಳ್ಗೆ ಪಾರ್ಟಿ ಎರಡಿದ್ರೂ ಊರು ಒಂದೇಯ" ಎಂದು ಯಾರೋ ನಗಿಸಿದರು. ನನಗೆ ನಗು ಬರಲಿಲ್ಲ. ಅಕ್ಷರ ಮುರಿದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಇದು ಹಾಗಲ್ಲ. ಕೊಪ್ಪದವರೇ ಅಲ್ಲಿ ಇರದಿದ್ದರೆ ವರದಿ ಹಾಗೇ ಅಚ್ಚಾಗುತ್ತಿತ್ತು. ಎಣಿಸುವುದೇ ಕಸುಬಾದ ಸಾಫ್ಟ್‌ವೇರಿಗೆ ಎರಡು ಹೆಸರು ಒಂದೇ ಎಂದು ಗೊತ್ತಾಗದಿದ್ದರೆ ಅದು ಎಷ್ಟು ಚೆಂದದ ಕನ್ನಡ ತೋರಿಸಿದರೂ ಏನು ಬಂತು?

ಬಿಡಿಸಿ ನೋಡಿದಾಗ ಕಾರಣ ಸಿಕ್ಕಿತು. ಕೊ ಅಕ್ಷರದ ಒ ಸ್ವರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ ಹಾಕಿ, ಅದರ ಪಕ್ಕ ಊ ಸ್ವರದ ಕೊಂಬಿಳಿ ಹಾಕಿಯೂ ಬರೆಯಬಹುದು. ಎರಡೂ ಕಾಣುವುದು ಒಂದೇ ಥರ. ಮೊದಲನೆಯದರಲ್ಲಿ ಕೊಪ್ಪಕ್ಕೆ ಐದು ಚಿಹ್ನೆ, ಎರಡನೆಯದರಲ್ಲಿ ಆರು. ಒಂದಷ್ಟು ಹೆಸರುಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಫೈಲಿನಿಂದ, ಅದನ್ನು ಯೂನಿಕೋಡಿಗೆ ತರುವ ಪರಿವರ್ತಕದ ಮೂಲಕ ಬಂದಿದ್ದವು, ಉಳಿದವನ್ನು ಫೋನಿನಲ್ಲೇ ಟೈಪ್ ಮಾಡಿದ್ದರು. ಹಳೆಯ ಫಾಂಟುಗಳ ಲೆಕ್ಕದಲ್ಲಿ ಮ ಅಕ್ಷರವೇ ಮೂರು ತುಂಡು. ಪರಿವರ್ತಕ ಆ ತುಂಡುಗಳನ್ನು ತನಗೆ ತಿಳಿದಂತೆ ಜೋಡಿಸಿತ್ತು. ಇದಕ್ಕೆ ಯೂನಿಕೋಡಿನಲ್ಲೇ ಮದ್ದಿದೆ. ಎನ್‌ಎಫ್‌ಸಿ ಎನ್ನುವ ಏಕರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಐಸಿಯು ಎಂಬ ಸಿದ್ಧ ಕೋಡಿನ ಲೈಬ್ರರಿ ಅದನ್ನು ಮಾಡಿಕೊಡುತ್ತದೆ. ಅಲ್ಲೇ ಕೂತು ಅದನ್ನು ಸೇರಿಸಿದೆ, ಕೊಪ್ಪ ಒಂದಾಯಿತು.

ಆದರೆ ಕೆ.ಆರ್.ಪೇಟೆ ಇನ್ನೂ ಎರಡಾಗಿಯೇ ಇತ್ತು. ಒಂದರಲ್ಲಿ ರ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿತ್ತು, ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ತಡೆಯುವುದು. ಕೆಲವು ಕೀಬೋರ್ಡುಗಳು ಕೇಳದೆಯೇ ಅದನ್ನು ಹಾಕಿಬಿಡುತ್ತವೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಎಲ್ಲ ಕಡೆ ಕಿತ್ತು ಹಾಕೋಣವೆಂದರೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತಾರೆ. ಮಂಡ್ಯದಲ್ಲಿ ಹಾಗೆ ಮಾಡಿ ಉಳಿಯುವುದುಂಟೇ? ಹೋಲಿಸುವಾಗ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ತೋರಿಸುವಾಗ ಇದ್ದ ಹಾಗೇ ತೋರಿಸು ಎಂದು ಬರೆದೆ.

ಒಂದು ಫೈಲನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಯಾರೋ ಅದನ್ನು ಎಕ್ಸೆಲ್‌ನಲ್ಲಿ ಬರೀ ಸಿಎಸ್‌ವಿ ಎಂದು, ಅಂದರೆ ಟೇಬಲನ್ನು ಅಲ್ಪವಿರಾಮ ಹಾಕಿದ ಬರೀ ಪಠ್ಯವಾಗಿ, ಉಳಿಸಿದ್ದರು. ಕನ್ನಡವೆಲ್ಲ ಪ್ರಶ್ನೆ ಚಿಹ್ನೆಯಾಗಿತ್ತು. ಅಲ್ಲಿ ಅಕ್ಷರ ಹಾಳಾಗಿರುವುದಲ್ಲ, ಹೋಗೇಬಿಟ್ಟಿದೆ. ಸಿಎಸ್‌ವಿ ಯುಟಿಎಫ್-8 ಎಂಬ ಆಯ್ಕೆ ಅದೇ ಪಟ್ಟಿಯಲ್ಲಿದೆ ಎಂದು ಎಲ್ಲರಿಗೂ ತೋರಿಸಿ, ಆ ಫೈಲನ್ನು ಮತ್ತೆ ತುಂಬಿಸಲು ಹೇಳಿದೆ.

ಊಟ ಮುಗಿಸಿ ಬಂದ ಮೇಲೆ ಜಮೀನಿನ ವಿಸ್ತೀರ್ಣದ ಸರದಿ. ಪಾಂಡವಪುರದ ಹಿರಿಯರೊಬ್ಬರು ಅಂಕಿಗಳನ್ನೂ ಕನ್ನಡದಲ್ಲೇ ಹೊಡೆದಿದ್ದರು, ೨.೧೦ ಎಂದು. ಪ್ರೋಗ್ರಾಂ ಅದನ್ನು ಸಂಖ್ಯೆ ಎಂದು ಒಪ್ಪದೆ ಪದ ಎಂದುಕೊಂಡು ಸರಾಸರಿಯಿಂದ ಕೈಬಿಟ್ಟಿತ್ತು. ಕನ್ನಡದ ಹತ್ತು ಅಂಕಿಗಳನ್ನು ಇಂಗ್ಲಿಷ್ ಅಂಕಿಗೆ ಬದಲಿಸುವುದು ಸುಲಭ, ನಿಮಿಷದ ಕೆಲಸ. ಈಗ ಅದು 2.10 ಆಯಿತು. ಮೇಷ್ಟ್ರಂತೆ ಕನ್ನಡಕ ಸರಿ ಮಾಡಿಕೊಂಡು ಆ ಹಿರಿಯರು ತಲೆಯಾಡಿಸಿದರು. "ಅದು ಎರಡ್ ಎಕ್ರೆ ಹತ್ತ್ ಗುಂಟೆ ಕಣಪ್ಪ." 40 ಗುಂಟೆಗೆ ಒಂದು ಎಕರೆ. ಅಂದರೆ 2.25 ಎಕರೆ. ಇಂಗ್ಲಿಷ್ ಅಂಕಿಯಲ್ಲಿ ತುಂಬಿದ್ದ ಉಳಿದವರ ಸಾಲುಗಳಲ್ಲೂ ಇಂಥವೇ ಇದ್ದವು. ಯಾವುದು ಗುಂಟೆ, ಯಾವುದು ದಶಮಾಂಶ? ಯಾವ ಯೂನಿಕೋಡೂ ಹೇಳುವುದಿಲ್ಲ.

"ಹಂಗಾದ್ರೆ ರೈತ್ರನ್ನೇ ಕೇಳ್ಬೇಕು ಸಾ" ಎಂದರು ಕೊಪ್ಪದ ಹೆಣ್ಣುಮಗಳು. ಎಕರೆಗೊಂದು, ಗುಂಟೆಗೊಂದು ಬೇರೆ ಬೇರೆ ಕಾಲಂ ಮಾಡಿದೆ. ಅನುಮಾನದ ಸಾಲುಗಳನ್ನು ಊರುವಾರು ಪಟ್ಟಿ ಮಾಡಿ ಪ್ರಿಂಟ್ ತೆಗೆದೆವು. ಅವರವರ ಹೋಬಳಿಯ ಹಾಳೆಗಳನ್ನು ಅವರವರೇ ಹಂಚಿಕೊಂಡರು.