ಕೊನೇ ಸಲ ಉಚ್ಚೆ ಮಾಡಿದ್ದು ಯಾವಾಗ?

ಡಾಕ್ಟರು ಕೇಳಿದ್ದು ಇಷ್ಟೇ. ಮಗುವಿನ ಸುತ್ತ ನಾವು ನಾಲ್ಕು ಜನ ದೊಡ್ಡವರು ನಿಂತಿದ್ದೆವು. ಒಬ್ಬರ ಬಾಯಲ್ಲೂ ಉತ್ತರ ಬರಲಿಲ್ಲ.

ಕಳೆದ ಭಾನುವಾರ ದಾವಣಗೆರೆಯ ತಂಗಿ ಮನೆಗೆ ಹೋಗಿದ್ದೆ. ಅವಳ ಮಗಳಿಗೆ ಎಂಟು ತಿಂಗಳು. ಹಿಂದಿನ ದಿನದಿಂದ ನೀರು ನೀರಾಗಿ ಭೇದಿ, ಬೆಳಗ್ಗೆ ಎರಡು ಸಲ ವಾಂತಿ. "ಹಲ್ಲು ಬರ್ತಿದೆ, ಅದಕ್ಕೇ" ಅಂದ ತಂಗಿಯ ಗಂಡ. ಒಳ್ಳೆಯವನೇ. ಆದರೆ ಮೊಬೈಲ್ ನೋಡುತ್ತಾ ಹೇಳುವ ಬದಲು ಒಮ್ಮೆ ಮಗುವಿನ ಮುಖ ನೋಡಿ ಹೇಳಬೇಕಿತ್ತು. ಪಾಪು ಅಳುತ್ತಿತ್ತು, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಕಂಡುಹಿಡಿದವರು ತಂಗಿಯ ಅತ್ತೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಸವರಿದರು. ಕೈ ಅಲ್ಲೇ ನಿಂತಿತು. "ನೆತ್ತಿ ಬಿದ್ದೈತಿ ನೋಡವ್ವ" ಅಂದರು. ಬಗ್ಗಿ ನೋಡಿದೆ. ತೆಳು ಕೂದಲ ನಡುವೆ, ಹೆಬ್ಬೆರಳಲ್ಲಿ ಒತ್ತಿದ ಹಾಗೆ ಒಂದು ಕುಳಿ.

ಅವರು ಅದರ ಮೇಲೆ ಹರಳೆಣ್ಣೆ ಇಟ್ಟರು. ಎದೆಹಾಲು ನಿಲ್ಲಿಸು, ಕುಡಿದಷ್ಟೂ ಹೊರಕಡೆ ಜಾಸ್ತಿ ಆಗುತ್ತೆ ಅಂತ ಸೊಸೆಗೆ ಹೇಳಿದರು. ನಾನು ಮಾತಾಡದೆ ಆಟೋ ಕರೆದೆ.

ಡಾಕ್ಟರು ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ತಟ್ಟನೆ ಸರಿಹೋಗಬೇಕಿದ್ದ ಮಡಿಕೆ ನಿಧಾನಕ್ಕೆ ಇಳಿಯಿತು. ಆಮೇಲೆ ಆ ಪ್ರಶ್ನೆ. "ಡೈಪರ್ ಹಾಕಿದ್ವಿ ಡಾಕ್ಟ್ರೇ" ಅಂದಳು ತಂಗಿ, ಅಳು ತಡೆದುಕೊಂಡು. ಭೇದಿಯೇ ನೀರಿನಂತಿದ್ದಾಗ ಡೈಪರ್ ಒಳಗೆ ಯಾವುದು ಯಾವುದೆಂದು ಹೇಗೆ ತಿಳಿಯಬೇಕು? ಆರೆಂಟು ಗಂಟೆ ಉಚ್ಚೆ ಆಗಿಲ್ಲ ಅಂದರೆ ಕಾಯಬಾರದಂತೆ. ನಾವು ಎಷ್ಟು ಹೊತ್ತು ಕಾದಿದ್ದೆವೋ.

ಪುಣ್ಯಕ್ಕೆ ಡ್ರಿಪ್ ಬೇಕಾಗಲಿಲ್ಲ. ಮಗು ಮಂಕಾಗಿ ಕುಡಿಯುವುದನ್ನೇ ಬಿಟ್ಟಿದ್ದರೆ ಬೇಕಾಗುತ್ತಿತ್ತು. ತೂಕ 8 ಕಿಲೋ, ಹಾಗಾಗಿ ನಾಲ್ಕು ಗಂಟೆಯಲ್ಲಿ 600 ಎಂಎಲ್ ಓಆರ್‌ಎಸ್, ಅಂದರೆ ಉಪ್ಪು, ಸಕ್ಕರೆಯ ಪುಡಿ ಕಲಸಿದ ನೀರು, ಚಮಚದಲ್ಲಿ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ, ಇನ್ನೂ ನಿಧಾನಕ್ಕೆ. ಎದೆಹಾಲು ನಿಲ್ಲಿಸಲೇಬಾರದು. ಆರು ತಿಂಗಳೊಳಗಿನ ಕೂಸಾದರೆ ಅದನ್ನು ಇನ್ನೂ ಜಾಸ್ತಿ ಸಲ ಕೊಡಬೇಕು. ಬೆಳಗ್ಗೆ ತಂಗಿ ಹಾಲಿನ ಬಾಟಲಿಗೆ ಇದೇ ಪುಡಿಯನ್ನು ಎರಡು ಚಿಟಿಕೆ ಹಾಕಿದ್ದಳು. ನರ್ಸ್ ಅದನ್ನು ಕೇಳಿ, ದೊಡ್ಡ ಪೊಟ್ಟಣ ಅಂದರೆ ಇಡೀ ಪೊಟ್ಟಣ, ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಅಂದಾಜು ಬೇಡ ಅಂತ ಎರಡು ಸಲ ಹೇಳಿದರು. ಗಟ್ಟಿಯಾದರೂ ಅಪಾಯ, ತೆಳುವಾದರೂ ಉಪಯೋಗವಿಲ್ಲ. ಮನೆಗೆ ಹೊರಟಾಗ 14 ದಿನಕ್ಕೆ ಜಿಂಕ್ ಕೊಟ್ಟರು.

ಬೆಂಚಿನ ಮೇಲೆ ಕೂತು ಕುಡಿಸುವಾಗ ಪಾಪು ಚಮಚವನ್ನು ಕಚ್ಚಿ ಹಿಡಿದು ಬಿಡುತ್ತಿರಲಿಲ್ಲ. ಅಷ್ಟು ಬಾಯಾರಿಕೆ! ಹೇಳೋಕೆ ಮಾತಿಲ್ಲದ ಕೂಸು ಬೆಳಗಿನಿಂದ ಅದನ್ನೇ ಅಲ್ವಾ ಹೇಳುತ್ತಿದ್ದದ್ದು?

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಸಾಲದೇ ಹೋದಾಗ ಡಾ. ದಿಲೀಪ್ ಮಹಲನಬಿಸ್ ಇದೇ ಥರದ ಉಪ್ಪು, ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಅದನ್ನು ಕುಡಿಸಿ ಎಷ್ಟೋ ಜೀವ ಉಳಿಸಿದರು. ಅಷ್ಟು ವರ್ಷವಾದ ಮೇಲೂ, ಪುಡಿ ಮನೆಯ ಕಪಾಟಿನಲ್ಲೇ ಇದ್ದೂ, ನಮಗೆ ಕಲಸಲು ಬಂದಿರಲಿಲ್ಲ.

ಅವತ್ತು ಅತ್ತೆಯ ಮೇಲೆ ಸಿಟ್ಟು ಬಂದಿತ್ತು. ಈಗ ಮತ್ತೆ ಮತ್ತೆ ನೆನಪಾಗುವುದು ನೆತ್ತಿಯ ಮೇಲೆ ನಿಂತ ಅವರ ಕೈ. ಡಾಕ್ಟರಿಗಿಂತ ಮೊದಲು ಹೇಳಿದ್ದು ಆ ಕೈ. ಮೂರು ಮಕ್ಕಳ ಬಟ್ಟೆ ಒಗೆದ ಹೆಂಗಸಿಗೆ ದಿನಕ್ಕೆ ಎಷ್ಟು ಒದ್ದೆಯಾದವು ಅಂತ ಲೆಕ್ಕ ಸಿಗುತ್ತಿತ್ತು. ನೆತ್ತಿ ಬಿದ್ದರೆ ಮೈಯಲ್ಲಿ ನೀರಿಲ್ಲ, ಎಣ್ಣೆಯಲ್ಲ ಕುಡಿಯಲು ಬೇಕು ಅಂತ ಅವರನ್ನು ಕೂರಿಸಿಕೊಂಡು ಹೇಳಿದವರು ಯಾರು? ನಾನಂತೂ ಹೇಳಿರಲಿಲ್ಲ.

ನಿನ್ನೆ ತಂಗಿ ಒಂದು ಫೋಟೋ ಕಳಿಸಿದಳು. ಅಡುಗೆಮನೆಯ ಕ್ಯಾಲೆಂಡರ್. ಹಾಲಿನ ಲೆಕ್ಕದ ಪಕ್ಕದಲ್ಲಿ ಅತ್ತೆ ಪೆನ್ಸಿಲಿನಲ್ಲಿ ಗೀಟು ಹಾಕಿದ್ದಾರೆ, ಪಾಪು ಉಚ್ಚೆ ಮಾಡಿದ ಒಂದೊಂದು ಸಲಕ್ಕೂ ಒಂದೊಂದು. ಸೋಮವಾರ ನಾಲ್ಕು. ನಿನ್ನೆ ಏಳು.